ಆಕ್ಸಲ್ಲಿನಲ್ಲಿ ಬಚ್ಚಿಟ್ಟ ತಪ್ಪು

ಆ ವರ್ಕ್‌ಶಾಪಿಗೆ ಬರುತ್ತಿದ್ದುದು ಒಂದೇ ಕುಲದ ಗಾಡಿ: ಬ್ರಿಟಿಷರು ಕಟ್ಟಿದ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಉದ್ದ ಮೂಗು, ಒಳಗೆ ಕೂತು ಕೈ ಇಳಿಬಿಟ್ಟರೆ ರಸ್ತೆ ಮುಟ್ಟಬಹುದು ಅನ್ನುವಷ್ಟು ತಗ್ಗು. "ಮುಂದಿಂದ ನೋಡಿದ್ರೆ ಮದುಮಗ, ಹಿಂದಿಂದ ನೋಡಿದ್ರೆ ಸೊಂಟ ಬಿದ್ದ ಮುದುಕ" ಎನ್ನುತ್ತಿದ್ದರು ವರ್ಕ್‌ಶಾಪಿನ ಒಡೆಯರಾದ ದೊಡ್ಡಪ್ಪ. ರೋಗ ಇದ್ದುದು ಹಿಂದಿನ ಆಕ್ಸಲ್ಲಿನಲ್ಲೇ. ಹಿಂದಿನ ಚಕ್ರವನ್ನು ತಿರುಗಿಸುವ ಉಕ್ಕಿನ ಶಾಫ್ಟು ಹೊರತುದಿಯಲ್ಲಿ ಮೂಲಂಗಿಯ ಹಾಗೆ ಸಣ್ಣಗಾಗುತ್ತ ಬರುತ್ತದೆ. ಆ ತುದಿಯ ಮೇಲೆ ಚಕ್ರ ಹೊರುವ ಗುಂಬವನ್ನು, ಅಂದರೆ ಹಬ್ಬನ್ನು ಕೂರಿಸಿ, ನಡುವೆ ಬೆರಳುಗುರಿನಷ್ಟು ದಪ್ಪದ ಒಂದು ಕೀಲು ಹೊಡೆದು, ನಟ್ಟು ಬಿಗಿದಿರುತ್ತಾರೆ. ಕೀಲಿಗಾಗಿ ಕೊರೆದ ಗೆರೆಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ವರ್ಷಗಟ್ಟಲೆ ಯಾರಿಗೂ ಹೇಳದೆ ಬೆಳೆಯುತ್ತದೆ. ಒಂದು ದಿನ ತಿರುವಿನಲ್ಲಿ ಶಾಫ್ಟು ಟಪ್ಪೆಂದು ತುಂಡಾಗಿ, ಚಕ್ರ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ.

"ನಮ್ಮ ಗಿರಾಕಿಗಿಂತ ಗಿರಾಕಿಯ ಚಕ್ರ ಮೊದ್ಲು ಮನೆ ಸೇರುತ್ತೆ" ಎಂದು ದೊಡ್ಡಪ್ಪ ನಗುತ್ತಿದ್ದರು. ಅವರು ನಕ್ಕಾಗ ಎದುರಿಗಿದ್ದವರೂ ನಗಬೇಕಿತ್ತು.

ಈ ಕತೆ ಅವರದಲ್ಲ, ಅವರ ತಮ್ಮನ ಮಗಳದು. ಅಪ್ಪ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದುಕೊಂಡು ಅವಳು ಈ ಮನೆಗೆ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕೆಳಗೆ ವರ್ಕ್‌ಶಾಪು, ಮೇಲೆ ಮನೆ. ಊಟಕ್ಕೆ ಹೊತ್ತಾದರೆ ದೊಡ್ಡಮ್ಮ ಸೌಟಿನಿಂದ ನೀರಿನ ಪೈಪಿಗೆ ಬಡಿಯುತ್ತಿದ್ದರು; ಸದ್ದು ಗೋಡೆಯೊಳಗಿಂದ ಇಳಿದು ಕೆಳಗಿನ ಕಬ್ಬಿಣಗಳ ನಡುವೆ ಬಂದು ನಿಲ್ಲುತ್ತಿತ್ತು. ಬಂದ ವಾರವೇ ದೊಡ್ಡಪ್ಪ ಸ್ಪ್ಯಾನರ್ ಕೇಳಿದಾಗ ಅವಳು ಇಕ್ಕಳ ತಂದುಕೊಟ್ಟಳು. "ಮೊದ್ದು" ಎಂದರು ಅವರು. ತಪ್ಪು ಒಂದು ಗಳಿಗೆಯದು, ಹೆಸರು ಜನ್ಮದ್ದು. ಈಗ ಅವಳಿಗೆ ನಲವತ್ತು ದಾಟಿದೆ, ಕನ್ನಡಕ ಬಂದಿದೆ, ಎಷ್ಟು ತಿಕ್ಕಿದರೂ ಉಗುರಿನ ಬುಡದ ಕಪ್ಪು ಹೋಗುವುದಿಲ್ಲ. ಗಿರಾಕಿಗಳ ಮಕ್ಕಳು ಅವಳನ್ನು ಗೌರವದಿಂದಲೇ ಮೊದ್ದು ಆಂಟಿ ಎನ್ನುತ್ತಾರೆ.

ಆ ವರ್ಕ್‌ಶಾಪಿಗೆ ಒಂದು ಪದ್ಧತಿಯಿತ್ತು. ಬೇರೆಲ್ಲೂ ಇದ್ದಿರಲಾರದು. ಕೆಲಸ ಮುಗಿದ ಆಕ್ಸಲ್ ಗಾಡಿಯ ಕೆಳಗೆ ಹೋಗುವ ಮೊದಲು ಕಿಟಕಿ ಪಕ್ಕದ ಮೇಜಿಗೆ ಬರಬೇಕು. ಆ ಮೇಜು ದೊಡ್ಡಪ್ಪನದು. ಅಲ್ಲಿ ಅವರು ಅಳೆದು, ತಿರುಗಿಸಿ, ಬಿಗಿದು, ಒರೆಸಿ, ಕೊನೆಗೆ ಒಂದು ತಪ್ಪನ್ನು ಬಚ್ಚಿಡುತ್ತಿದ್ದರು. ನಟ್ಟು ಕಳಚದಂತೆ ಕಾಲು ಮಡಚಿ ಹಾಕುವ ಒಂದು ಸ್ಪ್ಲಿಟ್ ಪಿನ್ನು ಇಲ್ಲದಿರುವುದು, ಒಂದು ನಟ್ಟು ಕಾಲು ಸುತ್ತು ಸಡಿಲವಿರುವುದು, ಸಂದು ತುಂಬುವ ತೆಳು ತಗಡು, ಎಡಗಡೆಯ ಶಿಮ್ಮು, ಬಲಗಡೆಗೆ ಹೋಗಿರುವುದು. ಆಮೇಲೆ ಕೈ ತೊಳೆದುಕೊಂಡು ಬಂದು ಚಹಾ ಹಿಡಿದು ಕೂರುತ್ತಿದ್ದರು. "ಹುಡುಕು."

ಅವಳು ಹುಡುಕಬೇಕು. ಸಿಕ್ಕಿದರೆ "ಸಿಕ್ತು" ಎಂದು ಸರಿಮಾಡಬೇಕು. ಸಿಗದಿದ್ದರೆ ಅವರು ಹೇಳುತ್ತಿರಲಿಲ್ಲ. ಆಕ್ಸಲ್ ಹಾಗೆಯೇ ಹೋಗುತ್ತಿತ್ತು. ಜೀವಕ್ಕೆ ಅಪಾಯವಾಗುವ ತಪ್ಪನ್ನು ಹಾಗೆ ಬಿಡುವಷ್ಟು ಅವರು ಕೆಟ್ಟವರಲ್ಲ. ಮಾನಕ್ಕೆ ಅಪಾಯವಾಗುವುದನ್ನು ಬಿಡುತ್ತಿದ್ದರು. ಮೊದಲ ವರ್ಷ ಒಮ್ಮೆ ಎಣ್ಣೆ ಸೋರದಂತೆ ತಡೆಯುವ ಸೀಲನ್ನು ತಿರುಗುಮುರುಗು ಹಾಕಿಟ್ಟಿದ್ದರು. ಅವಳಿಗೆ ಸಿಗಲಿಲ್ಲ. ಗಿರಾಕಿಯ ಮನೆಯ ಬಿಳಿ ಕಲ್ಲಿನ ನೆಲದ ಮೇಲೆಲ್ಲ ಎಣ್ಣೆ ಹರಿಯಿತು. ದೊಡ್ಡಪ್ಪ ಅವಳನ್ನು ಅಲ್ಲಿಗೇ ಕರೆದೊಯ್ದು, ಚಿಂದಿಬಟ್ಟೆ ಕೊಟ್ಟು, ಮೊಣಕಾಲೂರಿ ಒರೆಸಲು ಹಚ್ಚಿದರು. ತಾವು ಗಿರಾಕಿಯ ಜೊತೆ ಕುರ್ಚಿಯಲ್ಲಿ ಕೂತರು.

"ನನ್ನ ತಮ್ಮನ ಮಗಳು. ದೇವ್ರು ಎರಡು ಕಣ್ಣು ಕೊಟ್ಟಿದಾನೆ, ಉಪಯೋಗಿಸೋದು ಹೇಗೆ ಅಂತ ಹೇಳ್ಕೊಡೋದು ಮರ್ತುಬಿಟ್ಟ."

ಗಿರಾಕಿ ನಕ್ಕ. ಅವಳು ಒರೆಸಿದಳು.

ಆಮೇಲೆ ಅವಳು ಕಲಿತಳು. ಹೆಬ್ಬೆರಳು ಆಡಿಸಿದರೆ ಬೇರಿಂಗಿನೊಳಗಿನ ಧೂಳಿನ ಕಣ ತಿಳಿಯುವಷ್ಟು, ನಟ್ಟಿನ ಮೇಲೆ ಸ್ಪ್ಯಾನರ್ ಇಡುವ ಮೊದಲೇ ಅದು ಸಡಿಲವೆಂದು ಗೊತ್ತಾಗುವಷ್ಟು ಕಲಿತಳು. ಆದರೆ ತಪ್ಪು ಹುಡುಕುವವಳಿಗೆ ಮೇಜು ಸಿಗುವುದಿಲ್ಲ. ಮೇಜು ತಪ್ಪು ಇಡುವವರದು. ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು: "ದೊಡ್ಡಪ್ಪ, ಈ ಒಂದನ್ನ ನಾನೇ ಅಳೆದು ಮುಗಿಸ್ಲಾ?"

"ಮುಗಿಸು. ನಾನು ಸತ್ಮೇಲೆ."

ಅವಳಿಗೆ ಬೇಕಾಗಿದ್ದುದು ಅದೊಂದೇ, ಆ ಮೇಜು. ಮನೆ ಬೇಕಿರಲಿಲ್ಲ, ಮದುವೆಯೂ ಕೈಬಿಟ್ಟು ಹೋಗಿತ್ತು. ಅದನ್ನು ಬಿಡಿಸಿದವರೂ ದೊಡ್ಡಪ್ಪನೇ. ಬೇರಿಂಗ್ ಅಂಗಡಿಯ ಗುಮಾಸ್ತ ಒಬ್ಬ, ಮೆಲುಮಾತಿನವನು, ಒಂದು ಬೇರಿಂಗ್ ತಲುಪಿಸಲು ಮೂರು ಸಲ ಬರುತ್ತಿದ್ದ. ಬಂದಾಗಲೆಲ್ಲ ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ಸಿನ ಹತ್ತಿರ ಅವಳ ಜೊತೆ ನಿಂತು ಏನೋ ಒಂದು ಹೇಳಿ ಕೆಂಪಾಗುತ್ತಿದ್ದ. ಒಂದು ಶನಿವಾರ ದೊಡ್ಡಪ್ಪ ಅವನನ್ನು ಮೇಜಿಗೆ ಕರೆದರು.

"ಬಾರಪ್ಪ. ನಮ್ಮ ಹುಡುಗಿ ಬೇಕು ಅಂದ್ರೆ ನಮ್ಮ ಪರೀಕ್ಷೆ ಪಾಸಾಗ್ಬೇಕು. ಈ ಶಾಫ್ಟಲ್ಲಿ ಒಂದು ತಪ್ಪಿದೆ. ಹುಡುಕು."

ಅವನು ಅಂಗಿಯ ತೋಳು ಮಡಚಿ ಕೂತ. ಮಧ್ಯಾಹ್ನವಿಡೀ ತಿರುಗಿಸಿದ, ಮೂಸಿದ, ಬೆಳಕಿಗೆ ಹಿಡಿದ. ಬೆವರು ಶಾಫ್ಟಿನ ಮೇಲೆ ಬಿತ್ತು, ಒರೆಸಿದ, ಮತ್ತೆ ಬಿತ್ತು. ಪ್ರೆಸ್ಸಿನ ಹತ್ತಿರ ನಿಂತಿದ್ದ ಅವಳಿಗೆ ದೂರದಿಂದಲೇ ಗೊತ್ತಿತ್ತು: ಆ ಶಾಫ್ಟಿನಲ್ಲಿ ಯಾವ ತಪ್ಪೂ ಇರಲಿಲ್ಲ. ಬಾಯಿ ಬಿಟ್ಟರೆ ಸಾಕಿತ್ತು. ದೊಡ್ಡಪ್ಪ ಅವಳನ್ನೇ ನೋಡುತ್ತ ಚಹಾ ಹೀರುತ್ತಿದ್ದರು. ಸಂಜೆ ಅವನು "ಸಿಗ್ಲಿಲ್ಲ ಸಾರ್" ಎಂದಾಗ, "ಇದ್ರೆ ತಾನೇ ಸಿಗೋಕೆ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೇರಿಂಗ್ ತಲುಪಿಸಲು ಬೇರೆ ಯಾರೋ ಬರತೊಡಗಿದರು.

ಹೀಗೆ ವರ್ಷಗಳು ಹೋದವು. ಹುಡುಕು, ಸಿಕ್ತು. ಆ ಇಬ್ಬರ ನಡುವಿನ ಮಾತುಕತೆಯೆಲ್ಲ ಅಷ್ಟೇ.

ಒಂದು ಮಳೆಗಾಲದ ಬೆಳಿಗ್ಗೆ ಅವಳು ಮೇಜಿನಿಂದ ತಲೆಯೆತ್ತಿ, "ಎರಡು ಸಿಕ್ತು" ಎಂದಳು.

ದೊಡ್ಡಪ್ಪ ಚಹಾದ ಲೋಟವನ್ನು ತುಟಿಯವರೆಗೆ ತಂದವರು ಹಾಗೇ ನಿಲ್ಲಿಸಿದರು. "ಎರಡಾ?"

"ನಟ್ಟು ಸಡಿಲ. ಕೆಳಗಿನ ಎಣ್ಣೆ ಬೋಲ್ಟಿಗೆ ತಾಮ್ರದ ವಾಷರ್ ಇಲ್ಲ."

ಒಂದು ಕ್ಷಣ ಅವರ ಮುಖ ಖಾಲಿಯಾಯಿತು. ಸಾಮಾನೆಲ್ಲ ಸಾಗಿಸಿದ ಮೇಲೆ ಕೋಣೆ ಕಾಣುತ್ತದಲ್ಲ, ಹಾಗೆ. ನಂತರ, "ಹ್ಞೂ, ಎರಡೇ ಇಟ್ಟಿದ್ದೆ. ಒಂದು ಸಿಕ್ಕ ಕೂಡ್ಲೇ ಎದ್ದುಬಿಡ್ತೀಯೇನೋ ಅಂತ ನೋಡ್ದೆ" ಎಂದರು. ಅವಳು ವಾಷರಿಗಾಗಿ ಕಪಾಟಿನತ್ತ ತಿರುಗಿದಳು. ಕಪಾಟಿನ ಗಾಜಿನಲ್ಲಿ ಅವರು ಕಂಡರು. ಅಂಗಿಯ ಜೇಬಿಗೆ ಕೈ ಹಾಕಿ, ತಾಮ್ರದ ಒಂದು ಪುಟ್ಟ ಬಳೆಯನ್ನು ತೆಗೆದು, ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು.

ಅದು ಇಟ್ಟ ತಪ್ಪಲ್ಲ, ಮರೆತ ತಪ್ಪು. ಇಷ್ಟು ವರ್ಷ ಈ ಮನೆಯಲ್ಲಿ ಅಂಥ ಸಿಹಿ ಅವಳ ನಾಲಗೆಗೆ ಬಿದ್ದಿರಲಿಲ್ಲ.

ಇನ್ನೊಂದಕ್ಕಾಗಿ ಕಾದಳು. ಮಳೆ ನಿಂತಿತು, ಚಳಿ ಶುರುವಾಯಿತು. ಆಕ್ಸಲ್ಲುಗಳು ಬಂದವು, ಹೋದವು. ಪ್ರತಿಯೊಂದರಲ್ಲೂ ಅವರು ಇಟ್ಟ ಒಂದು ತಪ್ಪು ಮಾತ್ರ ಇರುತ್ತಿತ್ತು, ಮಿಕ್ಕಿದ್ದೆಲ್ಲ ಕನ್ನಡಿಯ ಹಾಗೆ. ಅವರ ಕೈ ಮತ್ತೆ ತಪ್ಪಲಿಲ್ಲ. ಆ ವಾಷರು ಯಾರಿಗಾದರೂ ಆಗಬಹುದಾದ ಮರೆವು, ಅಷ್ಟೇ. ಮುಪ್ಪು ಇನ್ನೂ ಅವರ ಬೆರಳಿಗೆ ಇಳಿದಿರಲಿಲ್ಲ.

ಇಳಿಯದಿದ್ದರೆ ಇಳಿಸಬೇಕು ಎಂದು ಅವಳು ಯೋಚಿಸಿ ನಿರ್ಧರಿಸಿದ್ದಲ್ಲ. ಒಂದು ದಿನ ಅವರು ಬಚ್ಚಿಟ್ಟಿದ್ದ ಸಡಿಲ ನಟ್ಟನ್ನು ಬಿಗಿಯುತ್ತಿದ್ದಾಗ ಅವಳ ಇನ್ನೊಂದು ಕೈ ಪಕ್ಕದ ಪಿನ್ನನ್ನು ಎಳೆದು ತೆಗೆಯಿತು. ಬಾಯಿ "ಎರಡು ಸಿಕ್ತು" ಎಂದಿತು.

"ಎರಡೇ" ಎಂದರು ದೊಡ್ಡಪ್ಪ. ಈ ಸಲ ಬೇಗನೆ ಎಂದರು.

ಹೊಲಿಗೆ ಬಿಚ್ಚಿದ ಬಟ್ಟೆ ಎಲ್ಲಿಯವರೆಗೆ ಹರಿಯುತ್ತದೆ ಎಂದು ಎಳೆದು ನೋಡುವವರ ಹಾಗೆ ಅವಳು ಮುಂದುವರಿದಳು. ಒಮ್ಮೆ ಶಿಮ್ಮು ಅದಲುಬದಲು. ಒಮ್ಮೆ ಹೊಸ ಸೀಲಿನ ಜಾಗದಲ್ಲಿ ಹಳೆಯದು. ಗಾಡಿಗಳಿಗೆ ಅದರಿಂದ ಕೂದಲಷ್ಟೂ ತೊಂದರೆಯಾಗಲಿಲ್ಲ. ಕೆಡಿಸಿದವಳೇ ಕಂಡುಹಿಡಿದು ಸರಿಮಾಡುತ್ತಿದ್ದಳಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸವೆದದ್ದು ಒಂದೇ, ದೊಡ್ಡಪ್ಪನಿಗೆ ತಮ್ಮ ಕೈಗಳ ಮೇಲಿದ್ದ ನಂಬಿಕೆ. ಅವರು ಬದುಕಿನಲ್ಲಿ ಬೇರೆ ಯಾವುದನ್ನೂ ನಂಬಿದವರಲ್ಲ.

ಸ್ವಲ್ಪ ದಿನಕ್ಕೆ ಅವರು ತಪ್ಪು ಬಚ್ಚಿಡುವುದನ್ನೇ ನಿಲ್ಲಿಸಿದರು. ಅವಳಿಗೆ ಅದು ತಿಳಿದದ್ದು ಎಷ್ಟು ಹುಡುಕಿದರೂ ಏನೂ ಸಿಗದೆ ಹೋದಾಗ. ಆಕ್ಸಲ್ ತೊಳೆದಿಟ್ಟ ಮುತ್ತಿನಂತಿತ್ತು. ಲೆಕ್ಕ ತಪ್ಪಬಾರದೆಂದು ಅವರು ಲೆಕ್ಕವನ್ನೇ ಬಿಟ್ಟಿದ್ದರು. "ಹುಡುಕು" ಎನ್ನಲಿಲ್ಲ, ಚಹಾ ಹಿಡಿದು, ಕುಡಿಯದೆ, ಅವಳ ಬೆನ್ನನ್ನು ನೋಡುತ್ತಿದ್ದರು. ಇವತ್ತು ಏನೂ ಇಲ್ಲ ಎಂದು ಅವಳು ಹೇಳಬೇಕಿತ್ತು. ಅಷ್ಟು ಹೇಳಿಸಿಕೊಳ್ಳಲು ಆ ಮುದುಕ ಉಸಿರು ಹಿಡಿದು ಕೂತಿದ್ದರು.

"ಒಂದು ಸಿಕ್ತು" ಎಂದಳು ಅವಳು.

ಅವರು ಲೋಟವನ್ನು ಕೆಳಗಿಟ್ಟರು. "ಹ್ಞೂ" ಎಂದರು. "ಒಂದೇ ಇಟ್ಟಿದ್ದೆ."

ಮೇಲೆ ಅಡುಗೆಮನೆಯಲ್ಲಿ ದೊಡ್ಡಮ್ಮ ಅವಳ ತಟ್ಟೆಗೆ ಬಡಿಸುತ್ತ ದನಿ ತಗ್ಗಿಸಿದರು. "ನಿಮ್ಮ ದೊಡ್ಡಪ್ಪ ಹಲ್ಲುಜ್ಜುವಾಗ ಹದಿನೇಳರ ಮಗ್ಗಿ ಹೇಳ್ತಾರೆ ಕಣೆ."

"ಯಾಕಂತೆ?"

"ಮರ್ತಿಲ್ಲ ಅಂತ ಖಾತ್ರಿ ಮಾಡ್ಕೋಬೇಕಂತೆ. ನಿನ್ನೆ ಗ್ಯಾಸ್ ಆರಿಸಿದೀಯಾ ಅಂತ ನಾಲ್ಕು ಸಲ ಬಂದು ನೋಡಿದ್ರು. ನಾನು ಅಂದೆ, ರೀ, ಆರಿಸಿದ್ದು ನಾನು, ಮರ್ತ್ರೆ ನಾನು ಮರೀಬೇಕು, ನಿಮಗ್ಯಾಕೆ ಉಸಾಬರಿ ಅಂತ. ನಗ್ಲೇ ಇಲ್ಲ ಕಣೆ. ಮುಂಚೆ ಆಗಿದ್ರೆ ನಿನ್ನ ತಲೆಗಿಂತ ಆ ಸೌಟು ವಾಸಿ ಅಂತಾದ್ರೂ ಅಂತಿದ್ರು." ಮುದುಕಿಯ ಕಣ್ಣು ತುಂಬಿತು. "ಕೆಲಸದಲ್ಲಿ ಏನಾದ್ರೂ ಎಡವಟ್ಟು ಮಾಡ್ತಿದಾರಾ? ನಿಜ ಹೇಳು."

"ವಯಸ್ಸಾಯ್ತಲ್ಲ ದೊಡ್ಡಮ್ಮ" ಎಂದಳು ಅವಳು. ಮತ್ತೆ ಸ್ವಲ್ಪ ಅನ್ನ ಹಾಕಿಸಿಕೊಂಡಳು.

ಆ ಹೊತ್ತಿಗೆ ಹಲ್ಲಿನ ಡಾಕ್ಟರು ಬಂದರು. ಬಂದದ್ದು ಆಟೋದಲ್ಲಿ, ಹಿಂದೆ ಲಾರಿಯ ಮೇಲೆ ಅವರ ಹಸಿರು ಕಾರು ಮೂರು ಚಕ್ರದಲ್ಲಿ ಓರೆಯಾಗಿ ಕೂತು ಬಂತು. ನಾಲ್ಕನೆಯದು ಹಬ್ಬಿನ ಸಮೇತ ಕಳಚಿ, ಇಳಿಜಾರಿನಲ್ಲಿ ಅವರನ್ನೇ ಹಿಂದೆ ಹಾಕಿ, ಕ್ಷೌರದಂಗಡಿಗೆ ನುಗ್ಗಿ, ಅರ್ಧ ಗಡ್ಡ ಹೆರೆಸಿಕೊಂಡಿದ್ದವನ ಪಕ್ಕದ ಖಾಲಿ ಕುರ್ಚಿಗೆ ಒರಗಿ ನಿಂತಿತಂತೆ.

"ಪಾಪ, ಅದಕ್ಕೂ ಕಟಿಂಗ್ ಬೇಕಿತ್ತೇನೋ" ಎಂದರು ಡಾಕ್ಟರು. ದಪ್ಪ ಮನುಷ್ಯ, ಕೈಯಲ್ಲಿ ಭಾರದ ಮರದ ಪೆಟ್ಟಿಗೆ. "ನೋಡಿ ಮೇಸ್ತ್ರಿಗಳೇ, ನಮ್ಮಲ್ಲಿ ಹಲ್ಲು ಬುಡಸಮೇತ ಅಲ್ಲಾಡಿದ್ರೆ ಅದನ್ನೇ ಮತ್ತೆ ಅಂಟಿಸಲ್ಲ. ಕಿತ್ತು ಹೊಸದು ಕೂರಿಸ್ತೀವಿ. ಇದಕ್ಕೂ ಹಾಗೇ ಮಾಡಿ."

ಪೆಟ್ಟಿಗೆಯಲ್ಲಿ ಹೊಸ ಬಗೆಯ ಎರಡು ಶಾಫ್ಟುಗಳಿದ್ದವು. ಇವಕ್ಕೆ ಸಣ್ಣಗಾಗುವ ತುದಿಯಿಲ್ಲ, ಕೀಲಿಲ್ಲ, ಬೇರೆ ಹಬ್ಬೂ ಇಲ್ಲ. ಶಾಫ್ಟು, ಚಕ್ರ ಹಿಡಿಯುವ ತಟ್ಟೆ ಎರಡನ್ನೂ ಸೇರಿಸಿ ಒಂದೇ ಉಕ್ಕಿನ ಗಟ್ಟಿಯಿಂದ ಬಡಿದು ತೆಗೆದದ್ದು. ಬಿರುಕು ಹುಟ್ಟಲು ಮೂಲೆಯೇ ಇಲ್ಲ. ಜೊತೆಗೆ ದೊಡ್ಡ ಬೇರಿಂಗು, ಹೊಸ ಸೀಲು, ಬೇರಿಂಗು ಸರಿಯದಂತೆ ಹಿಂದೆ ಒತ್ತಿ ಕೂರಿಸುವ ಉಕ್ಕಿನ ಬಳೆ.

ದೊಡ್ಡಪ್ಪ ಇಂಥದ್ದನ್ನು ಇಷ್ಟು ದಿನ ಒಳಗೆ ಬಿಟ್ಟುಕೊಂಡಿರಲಿಲ್ಲ. ಆದರೆ ಈಗ ಬೇಡ ಎನ್ನುವ ಶಕ್ತಿ ಅವರ ಗಂಟಲಲ್ಲಿ ಉಳಿದಿರಲಿಲ್ಲ. ಶಾಫ್ಟನ್ನು ಎತ್ತಿ ಹಿಡಿದು, ತೂಗಿ ನೋಡಿ, ಅವಳಿಗೆ ತೋರಿಸಿದರು. "ನೋಡು. ಹಳೇದ್ರಲ್ಲಿ ಈ ಪ್ಲೇಟಿದೆಯಲ್ಲ, ಬೇರಿಂಗನ್ನ ಆಕ್ಸಲ್ಲಿಗೆ ಹಿಡಿದು ಬೋಲ್ಟ್ ಹಾಕೋದು, ಅದನ್ನ ಕೊನೇಲಿ ಹೊರಗಡೆಯಿಂದ ತೂರಿಸಿದ್ರೂ ನಡೀತಿತ್ತು. ಇದ್ರಲ್ಲಿ ಆಗಲ್ಲ. ಹೊರಗಡೆ ತಟ್ಟೆ ಅಡ್ಡ ಇದೆ. ಎಲ್ಲಕ್ಕಿಂತ ಮೊದ್ಲು ಪ್ಲೇಟು, ಆಮೇಲೆ ಸೀಲು, ಆಮೇಲೆ ಬೇರಿಂಗು, ಬಳೆ. ಬೇರಿಂಗ್ ಒತ್ತಿದ್ಮೇಲೆ ಪ್ಲೇಟು ನೆನಪಾದ್ರೆ ಮುಗೀತು. ಕತ್ತರಿಸಿ ಬಿಸಾಡ್ಬೇಕು."

"ಹೂಂ."

"ಮೊದ್ಲು ಪ್ಲೇಟು" ಎಂದರು ಮತ್ತೆ. ಅವಳಿಗಲ್ಲ, ತಮಗೇ.

ಮರುದಿನ ಬೆಳಿಗ್ಗೆ ಡಾಕ್ಟರು ನೋಡಲೆಂದು ಬಂದು ಪ್ರೆಸ್ಸಿನ ಹತ್ತಿರವೇ ನಿಂತರು. ಮೊದಲನೆಯ ಶಾಫ್ಟು ಸರಿಯಾಗಿ ಆಯಿತು. ಎರಡನೆಯದಕ್ಕೆ ದೊಡ್ಡಪ್ಪ ಬೇರಿಂಗ್ ಕೂರುವ ಜಾಗವನ್ನು ಅಳೆದರು. ಒರೆಸಿ ಮತ್ತೆ ಅಳೆದರು. ಬೇರಿಂಗನ್ನು ಕಿವಿಗೆ ಹಿಡಿದು ತಿರುಗಿಸಿದರು. ಮತ್ತೆ ಒರೆಸಿದರು. ಸೀಲನ್ನು ಒಳಗೂ ಹೊರಗೂ ಮಗುಚಿ ನೋಡಿ, "ಇದರ ಬಾಯಿ ಒಳಗಡೆಗೆ ಅಲ್ವಾ?" ಎಂದು ಅವಳನ್ನು ಕೇಳಿದರು.

ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಒಳಗಡೆಗೆ" ಎಂದಳು.

ಸೀಲು ಹಾಕಿದರು. ಅದನ್ನೇ ದಿಟ್ಟಿಸಿದರು. ಬೇರಿಂಗನ್ನು ಶಾಫ್ಟಿಗೆ ಕಚ್ಚಿಸಿ, ಪ್ರೆಸ್ಸಿನ ಕೆಳಗೆ ನಿಲ್ಲಿಸಿ, ಹಿಂದೆ ಸರಿದರು. "ಒತ್ತು."

ಪ್ಲೇಟು ಅವಳ ಮೊಣಕೈ ಪಕ್ಕದ ಬಟ್ಟೆಯ ಮೇಲೆ ಇತ್ತು.

ಅಷ್ಟೆಲ್ಲ ಸಲ ನೋಡಿದವರ ಕಣ್ಣು ಒಂದೇ ಒಂದು ಕಡೆ ಹೋಗಿರಲಿಲ್ಲ. ಸೂಜಿಯನ್ನು ಕಾಯುತ್ತಿದ್ದವರ ಮನೆಯಿಂದ ಒನಕೆ ಹೋಗಿತ್ತು. ಅವಳು ಪ್ಲೇಟನ್ನು ನೋಡಿದಳು, ದೊಡ್ಡಪ್ಪನನ್ನು ನೋಡಿದಳು. ಇದನ್ನು ಅವಳು ಮಾಡಿರಲಿಲ್ಲ. ಇದು ಅವರದ್ದೇ, ಅಪ್ಪಟ ಅವರದ್ದೇ. ಆದರೆ ಬೆಳೆಸಿದ ಗಿಡದ ಮೊದಲ ಕಾಯಿಯನ್ನು ತೋಟದವರು ಗುರುತಿಸದೆ ಇರುತ್ತಾರೆಯೇ. "ದೊಡ್ಡಪ್ಪ" ಎಂದೊಂದು ಮಾತು ಸಾಕಿತ್ತು. ಅವಳು ಪ್ರೆಸ್ಸಿನ ಹಿಡಿಯನ್ನು ಕೆಳಗೆಳೆದಳು. ಮತ್ತೆ ಎಳೆದಳು. ಕಬ್ಬಿಣ ನರಳಿತು, ಬೇರಿಂಗ್ ಇಂಚಿಂಚೇ ಇಳಿದು ಬುಡಕ್ಕೆ ಕೂತಿತು. ಅದರ ಹಿಂದೆ ಬಳೆಯನ್ನೂ ಒತ್ತಿದಳು. ಎಲ್ಲ ಮುಗಿದ ಮೇಲೆ ಪ್ಲೇಟನ್ನು ಎರಡು ಬೆರಳಲ್ಲಿ ಎತ್ತಿ, ಡಾಕ್ಟರಿಗೂ ಕಾಣುವಂತೆ ಹಿಡಿದಳು.

"ದೊಡ್ಡಪ್ಪ, ಇದು?"

ಅವರು ಪ್ಲೇಟನ್ನು ಕೈಗೆ ತೆಗೆದುಕೊಂಡರು. ಶಾಫ್ಟನ್ನು ನೋಡಿದರು. ಅವರ ಕೈಗಳು ಹಳೆಯ ರೂಢಿಯಂತೆ ಪ್ಲೇಟನ್ನು ಹೊರತುದಿಗೆ ಒಯ್ದು ತೂರಿಸಲು ಹೋದವು. ಅಗಲದ ತಟ್ಟೆಗೆ ತಗುಲಿ ಅದು ಟಿಣ್ ಎಂದಿತು. ಪ್ಲೇಟನ್ನು ಮಗುಚಿ ಇನ್ನೊಂದು ಮಗ್ಗುಲಿನಿಂದ ತೂರಿಸಿದರು. ಟಿಣ್. ಓರೆ ಹಿಡಿದರು. ಬಾಗಿಲು ಮುಚ್ಚಿದ ಮನೆಯ ಸುತ್ತ ತಿರುಗುವ ದನದಂತೆ ಆ ಕೈಗಳು ಶಾಫ್ಟಿನ ತುದಿಯ ಸುತ್ತ ತಿರುಗಿದವು. ಅವಳು ನಿಂತು ನೋಡಿದಳು.

ಡಾಕ್ಟರಿಗೆ ಕಸಿವಿಸಿಯಾಯಿತು. ನಗಲು ನೋಡಿದರು. "ಓ, ಇದೂ ನಿಮ್ಮ ಪರೀಕ್ಷೆನಾ ಮೇಸ್ತ್ರಿಗಳೇ? ತಪ್ಪು ಬಚ್ಚಿಡ್ತೀರಂತಲ್ಲ, ಕೇಳಿದೀನಿ."

ದಾರಿ ತೆರೆದಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ದೊಡ್ಡಪ್ಪ ಪ್ಲೇಟನ್ನು ಮೆಲ್ಲಗೆ ಬಟ್ಟೆಯ ಮೇಲೆ, ಇದ್ದ ಜಾಗದಲ್ಲೇ ಇಟ್ಟರು.

"ಇಲ್ಲ ಡಾಕ್ಟ್ರೇ. ಇದು ನಾನು ಇಟ್ಟಿದ್ದಲ್ಲ."

ಕೈ ತೊಳೆಯದೆಯೇ ಮೆಟ್ಟಿಲು ಹತ್ತಿ ಹೋದರು.

ಅವಳು ಗ್ರೈಂಡರ್ ಹಿಡಿದು ಬಳೆಯನ್ನು ಸೀಳಿದಳು, ಉಳಿಯಿಟ್ಟು ಬಿರಿಸಿ ತೆಗೆದಳು. ಹೊಚ್ಚಹೊಸ ಬೇರಿಂಗ್ ಚೂರಾಗಿ ಗುಜರಿ ಡಬ್ಬಿಗೆ ಬಿತ್ತು. ಇನ್ನೊಂದು ಬೇರಿಂಗ್, ಇನ್ನೊಂದು ಬಳೆ ಬರುವವರೆಗೆ ಕಾರು ಜಾಕಿಯ ಕಂಬಗಳ ಮೇಲೆ ನಿಂತಿತ್ತು. ಬಂದ ಮೇಲೆ ಅವಳೇ ಒತ್ತಿದಳು, ಅವಳೇ ಕಿಟಕಿಯ ಮೇಜಿನಲ್ಲಿ ಅಳೆದಳು. ಶಾಫ್ಟು ಒಳಗೆ ಹೊರಗೆ ಆಡುವ ಸಂದು ಕಾಗದದ ದಪ್ಪಕ್ಕೆ ಸರಿಯಾಗಿ ಬಂತು. ಬೆಳಕು ಚೆನ್ನಾಗಿತ್ತು ಆ ಮೇಜಿನಲ್ಲಿ. ಇಷ್ಟು ವರ್ಷ ನಿಂತು ನೋಡುತ್ತಿದ್ದುದಕ್ಕಿಂತ ಮೇಜು ಸ್ವಲ್ಪ ಎತ್ತರವಿದೆ ಎಂದು ಕೂತ ಮೇಲೆ ತಿಳಿಯಿತು. ಅವಳು ಸ್ಟೂಲನ್ನು ತನ್ನ ಅಳತೆಗೆ ಏರಿಸಿಕೊಂಡಳು.

ಕಾರು ಸಿದ್ಧವಾದ ದಿನ ದೊಡ್ಡಮ್ಮ ಮೇಲಿನಿಂದ ಇಳಿದು ಬಂದರು. "ಓಡಿಸಿ ನೋಡುವಾಗ ಅವರನ್ನೂ ಕರ್ಕೊಂಡು ಹೋಗೇ. ಹೊರಗೇ ಬಂದಿಲ್ಲ. ಕಿಟಕಿ ಚಿಲಕ ಹಾಕೋದು, ತೆಗೆಯೋದು, ಹಾಕೋದು. ನೋಡೋಕಾಗಲ್ಲ."

ದೊಡ್ಡಪ್ಪ ಬಂದರು. ಒಗೆದ ಅಂಗಿ ಹಾಕಿದ್ದರು, ಗುಂಡಿ ಒಂದು ತೂತು ಆಚೀಚೆಯಾಗಿತ್ತು. ಅಷ್ಟು ತಗ್ಗಿನ ಸೀಟಿಗೆ ಇಳಿಯಲು ಅವಳ ಭುಜ ಹಿಡಿದುಕೊಂಡರು. ಅವಳು ಗಾಡಿ ತೆಗೆದಳು.

ಊರಿನ ಅಂಚು ದಾಟಿದರು. ರೂಢಿಯಂತೆ ಅವರು ತಲೆ ಹಿಂದಕ್ಕೆ ಒರಗಿಸಿ, ಹಿಂದಿನ ಆಕ್ಸಲ್ಲಿಗೆ ಕಿವಿಗೊಟ್ಟಿದ್ದರು. ಆಕ್ಸಿಲರೇಟರ್ ಬಿಟ್ಟಾಗ ಗುಂಯ್‌ಗುಡುವಿಕೆ ಇಲ್ಲ, ಒತ್ತಿದಾಗ ಕಟಕ್ಕೆನ್ನುವುದಿಲ್ಲ. ತಿರುವಿನಲ್ಲಿ ಅವಳು ವೇಗ ತಗ್ಗಿಸಲಿಲ್ಲ. ಹಳೆಯ ಶಾಫ್ಟಿನ ಕಾರಾಗಿದ್ದರೆ ಅಲ್ಲಿ ಬೆನ್ನು ತಾನಾಗಿಯೇ ಬಿಗಿಯಾಗುತ್ತಿತ್ತು. ಹೊಸದು ರಸ್ತೆಯನ್ನು ಕಚ್ಚಿಕೊಂಡು ತಿರುಗಿತು.

"ಚೆನ್ನಾಗಿದೆ" ಎಂದರು ಅವರು. ಆಮೇಲೆ, "ಮಗಾ, ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು."

ಮಗಾ ಎಂದು ಅವರು ಯಾರನ್ನೂ ಕರೆದದ್ದಿಲ್ಲ.

"ಕೇಳಿ."

"ಈಚೆಗೆ ನೀನು ಸಿಕ್ತು ಸಿಕ್ತು ಅಂದ್ಯಲ್ಲ. ಪಿನ್ನು, ಶಿಮ್ಮು, ಆ ಹಳೇ ಸೀಲು. ಅದ್ಯಾವುದೂ ನಾನು ಬೇಕು ಅಂತ ಇಟ್ಟಿದ್ದಲ್ಲ. ಇಟ್ಟೆ ಅಂತ ಸುಳ್ಳು ಹೇಳ್ದೆ."

"ಗೊತ್ತು ದೊಡ್ಡಪ್ಪ."

"ಗೊತ್ತಿತ್ತಾ." ಅವರು ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡರು. "ತಾಮ್ರದ ವಾಷರ್ ನಂದೇ. ಆ ಪ್ಲೇಟೂ ನಂದೇ. ಒಪ್ಕೋತೀನಿ. ಆದ್ರೆ ಮಿಕ್ಕಿದ್ದೆಲ್ಲ... ಆ ಪಿನ್ನು ಹಾಕಿ ಕಾಲು ಮಡಚಿದ್ದು ನಂಗೆ ನೆನಪಿದೆ. ಹೊಸ ಸೀಲಿಗೆ ಎಣ್ಣೆ ಸವರಿದ್ದು ಈ ಬೆರಳಿಗೆ ನೆನಪಿದೆ. ಅದಕ್ಕೇ ಕೇಳ್ತಿದೀನಿ. ಬೈಯಲ್ಲ, ಏನೂ ಅನ್ನಲ್ಲ. ನೀನು ಬಿಚ್ಚಿ ನೋಡುವಾಗ ಅಕಸ್ಮಾತ್ ನಿನ್ನ ಕೈತಪ್ಪಿ ಒಂದಾದ್ರೂ ಆಗಿರ್ಬಹುದಾ? ಒಂದು ಸಾಕು. ಒಂದು ಆಗಿದ್ರೆ ನನ್ನ ತಲೆ ಸರಿ ಇದೆ ಅಂತ ಇಟ್ಕೋತೀನಿ."

ರಸ್ತೆ ನೆಟ್ಟಗಿತ್ತು. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಪಕ್ಕದಲ್ಲಿ ಕೂತ ಮುದುಕ ತಮ್ಮ ಬದುಕಿನ ಒಂದು ತುಂಡನ್ನು ಬೇಡುತ್ತಿದ್ದರು. ಕೊಡಲು ಅವಳ ಹತ್ತಿರ ಬೇಕಾದಷ್ಟಿತ್ತು. ಬಾಯಿ ತೆರೆದಾಗ ಏನು ಹೊರಬರುತ್ತದೆಂದು ಅವಳಿಗೇ ತಿಳಿದಿರಲಿಲ್ಲ.

"ಇಲ್ಲ ದೊಡ್ಡಪ್ಪ. ಎಲ್ಲಾ ನಿಮ್ಮವೇ."

ಅವರು ತಲೆಯಾಡಿಸಿದರು. ಆಡಿಸುತ್ತಲೇ ಇದ್ದರು. ಅಂಗೈಗಳನ್ನು ಮಗುಚಿ ಇಟ್ಟುಕೊಂಡರು.

"ಹಾಗಾದ್ರೆ ನೆನಪೇ ಸುಳ್ಳು ಹೇಳ್ತಿದೆ" ಎಂದರು. ಆಮೇಲೆ, "ಇಷ್ಟು ದಿನ ಯಾರ ಕಿವಿಗೂ ಹಾಕ್ದೆ ಸರಿಮಾಡ್ಕೊಂಡು ಬಂದ್ಯಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಊರಿಗೆಲ್ಲ ಡಂಗುರ ಹೊಡೀತಿದ್ದೆ. ನೀನು ನನ್ನ ಮಾನ ಕಾಪಾಡ್ದೆ. ಇನ್ಮೇಲೆ ಮೇಜು ನಿಂದು. ನಾನು ಕೆಳಗೆ ಬರಲ್ಲ. ಬಂದು ಏನಾದ್ರೂ ಕೆಡಿಸಿಟ್ರೆ?" ಎಂದರು.

ಅವಳು ಗೇರು ಬದಲಿಸಿದಳು.

ಮನೆಯ ಮುಂದೆ ನಿಲ್ಲಿಸಿ, ಸುತ್ತಿ ಬಂದು ಅವರನ್ನು ಎಬ್ಬಿಸಿದಳು. ಹಗುರವಾಗಿದ್ದರು. ಗಾಡಿಯನ್ನು ಒಳಗೆ ಬಿಡಲೆಂದು ಅವಳು ಮತ್ತೆ ಸ್ಟಿಯರಿಂಗ್ ಹಿಡಿದು ಕೂತಾಗಲೂ ಅವರು ಕಾರಿನ ಪಕ್ಕದಲ್ಲೇ ಇದ್ದರು. ತಮ್ಮ ಕಡೆಯ ಬಾಗಿಲನ್ನು ದೂಡಿದರು. ಅದು ಕ್ಲಿಕ್ಕೆಂದು ಕೂತಿತು. ಎರಡು ಹೆಜ್ಜೆ ಹೋಗಿ ವಾಪಸು ಬಂದರು. ಬಾಗಿಲು ತೆಗೆದರು, ಮತ್ತೆ ದೂಡಿದರು, ಕ್ಲಿಕ್. ಹಿಡಿಯ ಮೇಲೆ ಕೈಯಿಟ್ಟು ಎಳೆದು ನೋಡಿದರು. ಆಮೇಲೆ ಆ ತಗ್ಗು ಕಿಟಕಿಯ ಮಟ್ಟಕ್ಕೆ ಕಷ್ಟಪಟ್ಟು ಬಗ್ಗಿ, ಪಾಠ ಒಪ್ಪಿಸುವ ಮಗುವಿನ ದನಿಯಲ್ಲಿ ಕೇಳಿದರು:

"ಹಾಕ್ಕೊಂಡಿದೆಯಾ, ನೋಡು?"

ಅವಳು ಬಾಗಿಲ ಕಡೆ ತಿರುಗಿ, ಬೇಕೆಂದೇ ಸ್ವಲ್ಪ ಹೊತ್ತು ನೋಡಿದಳು.

"ಇನ್ನೊಂದು ಸಲ ಹಾಕಿ ದೊಡ್ಡಪ್ಪ" ಎಂದಳು.